ಲ್ಯಾಪ್‌ಟಾಪಿನ ಆರೋಗ್ಯ

ಉಪಕರಣವನ್ನು ಬಳಸುವವನು ಅದರ ಆರೈಕೆಯನ್ನೂ ಬಲ್ಲವನಾಗಿರಬೇಕು ಎಂಬುದು ದುಡಿಯುವ ಜನರೆಲ್ಲರೂ ಅನುಭವದಿಂದ ಕಂಡುಕೊಂಡ ಮಾತು. ಮುಂಗಾರಿಗೆ ಮೊದಲೇ ರೈತನು ನೇಗಿಲಿನ ಗುಳವನ್ನು ಕುಲುಮೆಗೆ ಒಯ್ದು ಹದಮಾಡಿಸುತ್ತಾನೆ. ಗಾಡಿ ಹೊಡೆಯುವವನು ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಪಯಣಕ್ಕೆ ಹೊರಡುವುದಿಲ್ಲ. ಮಗ್ಗದ ಮುಂದೆ ಕುಳಿತ ನೇಕಾರನು ಲಾಳಿ ತಡೆದರೆ ಮೊದಲು ನೂಲನ್ನು ಪರೀಕ್ಷಿಸುತ್ತಾನೆಯೇ ಹೊರತು ಹೊಸ ಮಗ್ಗಕ್ಕಾಗಿ ಹಣ ಹೊಂದಿಸಲು ಓಡುವುದಿಲ್ಲ.

ಇಂದು ಅನೇಕ ಮನೆಗಳನ್ನು ಸೇರಿರುವ ಲ್ಯಾಪ್‌ಟಾಪ್ ಎಂಬ ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ವಿವೇಕ ಅಷ್ಟಾಗಿ ಕಾಣಿಸುವುದಿಲ್ಲ. ಕೊಂಡ ಹೊಸತರಲ್ಲಿ ಚುರುಕಾಗಿದ್ದ ಯಂತ್ರವು ನಾಲ್ಕೈದು ವರ್ಷಗಳು ಕಳೆಯುವಷ್ಟರಲ್ಲಿ ಕೆಲಸಕ್ಕೆ ಅಣಿಯಾಗಲು ಐದು ನಿಮಿಷ ತೆಗೆದುಕೊಳ್ಳುತ್ತದೆ. ಒಂದು ಪುಟ ತೆರೆಯಬೇಕಾದರೂ ಕಾಯಬೇಕಾಗುತ್ತದೆ. ಆಗ ‘ಇದು ಹಳತಾಯಿತು, ಇನ್ನು ಪ್ರಯೋಜನವಿಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಕೆಲವು ತಿಂಗಳುಗಳ ಸಂಬಳದಲ್ಲಿ ಉಳಿಸಿದ ಹಣವನ್ನೋ ಒಂದು ಬೆಳೆಯ ಆದಾಯವನ್ನೋ ವೆಚ್ಚಮಾಡಿ ತಂದ ವಸ್ತು ಮೂಲೆ ಸೇರುತ್ತದೆ. ಅದರೊಡನೆ ಮಕ್ಕಳ ಓದಿಗೆ ಒದಗಿದ್ದ ಒಂದು ಸಾಧನವೂ ಇಲ್ಲವಾಗುತ್ತದೆ. ಈ ತೀರ್ಪು ನ್ಯಾಯವಾದುದೇ ಎಂಬುದನ್ನು ವಿಚಾರಿಸಬೇಕಾದರೆ ಮೊದಲು ಈ ಯಂತ್ರವು ಕೆಲಸಮಾಡುವ ಬಗೆಯನ್ನು ತಿಳಿಯಬೇಕು.

ಲ್ಯಾಪ್‌ಟಾಪಿನೊಳಗೆ ಮುಖ್ಯವಾದ ಅಂಗಗಳು ಮೂರು. ಲೆಕ್ಕಾಚಾರವನ್ನೆಲ್ಲ ಮಾಡುವುದು ಪ್ರೊಸೆಸರ್. ಮಾಡುತ್ತಿರುವ ಕೆಲಸಕ್ಕೆ ಬೇಕಾದುದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ ರ‍್ಯಾಮ್ ಎಂಬ ಸ್ಮೃತಿ. ಕಡತ, ಚಿತ್ರ, ತಂತ್ರಾಂಶಗಳನ್ನು ಶಾಶ್ವತವಾಗಿ ಕಾದಿಡುವ ಸ್ಥಳ ಡಿಸ್ಕ್. ಈ ಮೂರರ ಸಂಬಂಧವನ್ನು ಮದುವೆಮನೆಯ ಅಡುಗೆಗೆ ಹೋಲಿಸಬಹುದು. ಪ್ರೊಸೆಸರ್ ಎಂಬುದು ಅಡುಗೆಯ ಭಟ್ಟರು. ರ‍್ಯಾಮ್ ಎಂಬುದು ಅವರ ಮುಂದಿರುವ ಅಡುಗೆಕಟ್ಟೆ. ಡಿಸ್ಕ್ ಎಂಬುದು ದವಸಧಾನ್ಯಗಳನ್ನು ತುಂಬಿದ ಉಗ್ರಾಣ. ಭಟ್ಟರು ಎಷ್ಟೇ ನಿಪುಣರಾಗಿರಲಿ, ಕಟ್ಟೆ ಕಿರಿದಾಗಿದ್ದರೆ ಒಂದು ಪಾತ್ರೆಯನ್ನು ಇಡಲು ಇನ್ನೊಂದನ್ನು ಉಗ್ರಾಣಕ್ಕೆ ಸಾಗಿಸಬೇಕಾಗುತ್ತದೆ. ಉಗ್ರಾಣದಿಂದ ಸಾಮಾನು ಬರುವುದು ತಡವಾದರೆ ಒಲೆಯ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ಊಟ ತಡವಾದರೆ ಬಡಿಸಿಕೊಳ್ಳುವವರು ಭಟ್ಟರನ್ನು ದೂರುತ್ತಾರೆ, ದೋಷವಿರುವುದು ಬೇರೆಡೆಯಲ್ಲಿ.

ಲ್ಯಾಪ್‌ಟಾಪಿನಲ್ಲಿಯೂ ಹೀಗೆಯೇ. ಮನುಷ್ಯನ ಕೈಕಾಲುಗಳು ವಯಸ್ಸಿನಿಂದ ಸೋಲುವಂತೆ ಪ್ರೊಸೆಸರ್ ಸೋಲುವುದಿಲ್ಲ. ಮೊದಲ ದಿನ ಒಂದು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದಾಗಿತ್ತೋ, ತಕ್ಕಷ್ಟು ತಂಪಾಗಿರುವವರೆಗೆ ಆರನೆಯ ವರ್ಷದಲ್ಲಿಯೂ ಬಹುಮಟ್ಟಿಗೆ ಅಷ್ಟನ್ನೇ ಮಾಡಬಲ್ಲದು. ಬದಲಾಗಿರುವುದು ಅದರ ಮೇಲಿನ ಹೊರೆ. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್–1 ಎಂಬ ಒಯ್ಯಬಹುದಾದ ಗಣಕದ ತೂಕ ಸುಮಾರು 11 ಕಿಲೋಗ್ರಾಂ. ಅದರ ಸ್ಮೃತಿ ಕೇವಲ 64 ಕಿಲೋಬೈಟ್. ಅಷ್ಟರಲ್ಲಿಯೇ ಜನರು ಪತ್ರ ಬರೆದರು, ಲೆಕ್ಕಪತ್ರ ಇಟ್ಟರು. 2018ರ ಸುಮಾರಿಗೆ ಮಿತವಾದ ಬೆಲೆಗೆ ಮಾರಾಟವಾದ ಅನೇಕ ಲ್ಯಾಪ್‌ಟಾಪುಗಳಲ್ಲಿದ್ದ 4 ಗಿಗಾಬೈಟ್ ಸ್ಮೃತಿಯು ಅದರ 65,000 ಪಟ್ಟಿಗೂ ಮಿಗಿಲು. ಆದರೂ ಅದು ಇಂದು ಸಾಲದಾಗಿದೆ. ಯಂತ್ರವು ವೇಗವಾಗುವುದಕ್ಕಿಂತಲೂ ಬೇಗಬೇಗನೆ ತಂತ್ರಾಂಶಗಳು ಭಾರವಾಗುತ್ತಿವೆಯೆಂಬುದನ್ನು ಸ್ವಿಟ್ಜರ್ಲೆಂಡಿನ ಗಣಕವಿಜ್ಞಾನಿ ನಿಕ್ಲಾಸ್ ವಿರ್ಟ್ ಅವರು 1995ರಲ್ಲಿಯೇ ಎತ್ತಿ ತೋರಿಸಿದ್ದರು. ಆದುದರಿಂದ ನಿಧಾನವಾದ ಲ್ಯಾಪ್‌ಟಾಪನ್ನು ಮುದಿಯೆನ್ನುವುದಕ್ಕಿಂತ ಹೊರೆ ಹೊತ್ತು ಬಳಲಿದುದು ಎನ್ನುವುದು ಸರಿಯಾದೀತು. ಹೊರೆ ಯಾವುದೆಂದು ತಿಳಿದರೆ ಅದನ್ನು ಇಳಿಸಲೂಬಹುದು.

ಆಯುರ್ವೇದದಲ್ಲಿ ರೋಗದ ಮೂಲಕಾರಣವನ್ನು ಹುಡುಕುವುದಕ್ಕೆ ‘ನಿದಾನ’ವೆಂದು ಹೆಸರು. ನಿದಾನವಾಗದೆ ಔಷಧ ಕೊಡುವ ವೈದ್ಯನಿಲ್ಲ. ಲ್ಯಾಪ್‌ಟಾಪಿನ ನಿಧಾನಕ್ಕೂ ಮೊದಲು ಬೇಕಾದುದು ನಿದಾನವೇ. ಯಾವಾಗ ನಿಧಾನವಾಗುತ್ತದೆ? ಯಂತ್ರವನ್ನು ಆರಂಭಿಸುವಾಗಲೇ? ಹಲವು ಪುಟಗಳನ್ನು ಒಟ್ಟಿಗೆ ತೆರೆದಾಗಲೇ? ಅರ್ಧ ಗಂಟೆ ನಡೆದು ಬಿಸಿಯಾದ ಮೇಲೆಯೇ? ಅಂತರಜಾಲವನ್ನು ಬಳಸುವಾಗ ಮಾತ್ರವೇ? ಕೊನೆಯ ಪ್ರಶ್ನೆಗೆ ಹೌದೆಂಬುದೇ ಉತ್ತರವಾದರೆ ದೋಷವು ಲ್ಯಾಪ್‌ಟಾಪಿನದಾಗಿರದೆ ಸಂಪರ್ಕದ್ದಾಗಿರುವುದೇ ಹೆಚ್ಚು. ಉಳಿದವುಗಳ ಪರೀಕ್ಷೆಗೆ ವಿಂಡೋಸ್ ವ್ಯವಸ್ಥೆಯಲ್ಲಿಯೇ ಒಂದು ಸಾಧನವುಂಟು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪ್ರೊಸೆಸರ್, ಸ್ಮೃತಿ, ಡಿಸ್ಕ್, ಜಾಲ ಇವುಗಳಲ್ಲಿ ಪ್ರತಿಯೊಂದೂ ಶೇಕಡಾ ಎಷ್ಟು ತೊಡಗಿದೆಯೆಂಬುದು ಕಾಣುತ್ತದೆ. ಯಂತ್ರವು ತೊಡರುತ್ತಿರುವ ಸಮಯದಲ್ಲಿ ಯಾವ ಅಂಕಿಯು ನೂರರ ಸಮೀಪದಲ್ಲಿ ನಿಂತಿದೆಯೋ ಅಲ್ಲಿಯೇ ರೋಗವಿದೆಯೆಂದು ಊಹಿಸಬಹುದು.

ಸ್ಮೃತಿಯ ಅಂಕಿ ಏರಿದ್ದರೆ ಅಡುಗೆಕಟ್ಟೆ ತುಂಬಿದೆಯೆಂದು ಅರ್ಥ. ಆಗ ಯಂತ್ರವು ಸ್ಮೃತಿಯಲ್ಲಿ ಹಿಡಿಸದುದನ್ನು ಡಿಸ್ಕಿಗೆ ಸರಿಸಿ, ಬೇಕಾದಾಗ ಮತ್ತೆ ತರುತ್ತದೆ. ಇದು 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಅಟ್ಲಾಸ್ ಗಣಕದಲ್ಲಿ ಕಾರ್ಯರೂಪಕ್ಕೆ ಬಂದ ಉಪಾಯ. ಮಿತಿಯಲ್ಲಿದ್ದಾಗ ಇದರಿಂದ ಉಪಕಾರವೇ ಉಂಟು. ಮಿತಿಮೀರಿದರೆ ಯಂತ್ರದ ಹೊತ್ತೆಲ್ಲ ತರುವುದರಲ್ಲಿಯೂ ಒಯ್ಯುವುದರಲ್ಲಿಯೂ ಕಳೆದು, ನಿಜವಾದ ಕೆಲಸ ನಿಂತುಹೋಗುತ್ತದೆ. ಈ ಒದ್ದಾಟದ ಕಾರಣಗಳನ್ನು ಪೀಟರ್ ಡೆನ್ನಿಂಗ್ ಎಂಬ ಅಮೆರಿಕದ ವಿಜ್ಞಾನಿ 1968ರಲ್ಲಿ ವಿವರಿಸಿದರು. ಇದಕ್ಕೆ ಮೊದಲ ಮದ್ದು ಮಿತವ್ಯಯ. ಬೇಡವಾದ ಪುಟಗಳನ್ನು ಮುಚ್ಚಬೇಕು. ಬ್ರೌಸರಿನಲ್ಲಿ ಮೂವತ್ತು ಪುಟಗಳನ್ನು ತೆರೆದಿಟ್ಟು, ಓದುತ್ತಿರುವುದು ಒಂದನ್ನೇ ಆದರೆ ಉಳಿದವುಗಳಲ್ಲಿ ಹಲವು ಕಟ್ಟೆಯ ಮೇಲಿನ ಖಾಲಿ ಪಾತ್ರೆಗಳಂತೆ ಜಾಗ ಹಿಡಿದಿರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಯಂತ್ರವು ಆರಂಭದಲ್ಲಿಯೇ ತಡಮಾಡಿದರೆ ಅದಕ್ಕೆ ಸಾಮಾನ್ಯವಾದ ಕಾರಣ ಬೇರೆ. ಅನೇಕ ತಂತ್ರಾಂಶಗಳು ಸ್ಥಾಪನೆಗೊಳ್ಳುವಾಗ, ಯಂತ್ರ ಆರಂಭವಾದೊಡನೆ ತಾವೂ ಎಚ್ಚರಗೊಳ್ಳುವಂತೆ ಏರ್ಪಾಟು ಮಾಡಿಕೊಂಡುಬಿಡುತ್ತವೆ. ಕರೆಯದೆ ಬಂದ ಈ ಅತಿಥಿಗಳ ಪಟ್ಟಿಯು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್ಅಪ್ ವಿಭಾಗದಲ್ಲಿ ದೊರೆಯುತ್ತದೆ. ವೈರಸ್ ತಡೆಯುವ ತಂತ್ರಾಂಶವನ್ನೂ ಕೀಲಿಮಣೆ, ಸ್ಪರ್ಶಫಲಕಗಳಿಗೆ ಸಂಬಂಧಿಸಿದುದನ್ನೂ ಉಳಿಸಿಕೊಂಡು ಮಿಕ್ಕವುಗಳನ್ನು ಅಲ್ಲಿ ತಡೆಹಿಡಿಯಬಹುದು. ತಡೆಹಿಡಿದ ಮಾತ್ರಕ್ಕೆ ಅವು ಅಳಿದುಹೋಗುವುದಿಲ್ಲ. ಕರೆದಾಗ ಮಾತ್ರ ಬರುತ್ತವೆ. ಹೆಸರು ತಿಳಿಯದ ಯಾವುದನ್ನಾದರೂ ತಡೆಯುವ ಮೊದಲು ಬಲ್ಲವರನ್ನು ಕೇಳುವುದು ಲೇಸು. ಇದರೊಡನೆ ಇನ್ನೊಂದು ವಿಷಯವನ್ನು ಗಮನಿಸಬೇಕು. ವಿಂಡೋಸಿನ ಈಚಿನ ಆವೃತ್ತಿಗಳಲ್ಲಿ ‘ಷಟ್ ಡೌನ್’ ಮಾಡಿದರೂ ವ್ಯವಸ್ಥೆಯ ಒಂದು ಭಾಗದ ಸ್ಥಿತಿಯು ಮರುದಿನದ ಶೀಘ್ರ ಆರಂಭಕ್ಕೆಂದು ಡಿಸ್ಕಿನಲ್ಲಿ ಉಳಿದಿರುತ್ತದೆ. ‘ರೀಸ್ಟಾರ್ಟ್’ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಪ್ರಾರಂಭವಾಗುತ್ತದೆ. ಆದುದರಿಂದ ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡುವುದು ಒಳ್ಳೆಯ ಅಭ್ಯಾಸ. ಬಿಡಿಗಾಸಿನ ಖರ್ಚಿಲ್ಲದ ಈ ಎರಡು ಕ್ರಮಗಳಿಂದಲೇ ಎಷ್ಟೋ ಯಂತ್ರಗಳು ಚೇತರಿಸಿಕೊಳ್ಳುತ್ತವೆ.

ಡಿಸ್ಕಿನ ಅಂಕಿ ಸದಾ ನೂರರಲ್ಲಿ ನಿಂತಿದ್ದರೆ ಉಗ್ರಾಣದ ಕಡೆಗೆ ದೃಷ್ಟಿ ಹರಿಸಬೇಕು. ಡಿಸ್ಕುಗಳಲ್ಲಿ ಎರಡು ಬಗೆ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪವುಳ್ಳ ಬಿಲ್ಲೆಯೊಂದು ತಿರುಗುತ್ತಿರುತ್ತದೆ. ಸೂಜಿಯಂತಹ ತೋಳೊಂದು ಅದರ ಮೇಲೆ ಅತ್ತಿತ್ತ ಚಲಿಸಿ ಮಾಹಿತಿಯನ್ನು ಓದುತ್ತದೆ. ಲ್ಯಾಪ್‌ಟಾಪುಗಳಲ್ಲಿ ಬಿಲ್ಲೆಯ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು. ಇದು ಅತಿಶಯದ ವೇಗವೆಂದು ತೋರಬಹುದು. ಆದರೆ ಬೇಕಾದ ಮಾಹಿತಿಯು ಬಿಲ್ಲೆಯ ಬೇರೆ ಬೇರೆ ಕಡೆ ಚದುರಿದ್ದರೆ, ಪ್ರತಿಸಲವೂ ತೋಳು ಸರಿದು ಬಿಲ್ಲೆ ತಿರುಗಿ ಬರುವವರೆಗೆ ಕಾಯಬೇಕು. ಹೀಗಾಗಿ ಇಂತಹ ಡಿಸ್ಕು ಸೆಕೆಂಡಿಗೆ ಸುಮಾರು ನೂರು ಚಿಕ್ಕ ತುಣುಕುಗಳನ್ನಷ್ಟೇ ಹುಡುಕಿ ತರಬಲ್ಲದು. ಎಸ್‌ಎಸ್‌ಡಿ ಎಂಬ ಎರಡನೆಯ ಬಗೆಯಲ್ಲಿ ತಿರುಗುವ ಭಾಗವೇ ಇಲ್ಲ. 1980ರ ದಶಕದಲ್ಲಿ ಜಪಾನಿನ ಫುಜಿಯೊ ಮಸುವೊಕಾ ಅವರು ರೂಪಿಸಿದ ಫ್ಲ್ಯಾಷ್ ಸ್ಮೃತಿಯ ತುಂಡುಗಳಿಂದ ಅದು ರಚಿತವಾಗಿದೆ. ಅದು ಸೆಕೆಂಡಿಗೆ ಹತ್ತಾರು ಸಾವಿರ ತುಣುಕುಗಳನ್ನು ಒದಗಿಸಬಲ್ಲದು. ಯಂತ್ರ ಆರಂಭವಾಗಲು ಆರು ಸಾವಿರ ತುಣುಕುಗಳು ಬೇಕೆಂದು ಇಟ್ಟುಕೊಂಡರೆ, ಮೊದಲನೆಯದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಎರಡನೆಯದಕ್ಕೆ ಒಂದು ಸೆಕೆಂಡು ಸಹ ಬೇಕಾಗುವುದಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಹಣ ಹಾಕುವುದಾದರೆ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿಯನ್ನು ಹಾಕಿಸುವುದೇ ಮೊದಲ ಆಯ್ಕೆಯಾಗಬೇಕು ಎನ್ನುವುದಕ್ಕೆ ಕಾರಣವಿದು. ಸ್ಮೃತಿಯನ್ನು 4ರಿಂದ 8 ಗಿಗಾಬೈಟಿಗೆ ಏರಿಸುವುದು ಎರಡನೆಯದು. ಕೆಲವು ಯಂತ್ರಗಳಲ್ಲಿ ಸ್ಮೃತಿಯನ್ನು ಮುಖ್ಯಫಲಕಕ್ಕೆ ಬೆಸುಗೆ ಹಾಕಿರುತ್ತಾರಾದ್ದರಿಂದ, ಏರಿಸಲು ಸಾಧ್ಯವೇ ಎಂದು ಮೊದಲು ವಿಚಾರಿಸಬೇಕು.

ಯಾವ ಬಗೆಯ ಡಿಸ್ಕೇ ಆಗಲಿ, ಕಂಠಮಟ್ಟ ತುಂಬಿದರೆ ಅದರ ಕೆಲಸ ಕುಂಠಿತವಾಗುತ್ತದೆ. ಐದನೆಯ ಒಂದು ಪಾಲಾದರೂ ಜಾಗ ತೆರವಾಗಿರುವುದು ಒಳ್ಳೆಯದು. ನೋಡಿ ಮುಗಿದ ಚಲನಚಿತ್ರಗಳು, ಎರಡೆರಡು ಬಾರಿ ಇಳಿಸಿಕೊಂಡ ಕಡತಗಳು, ಬಳಸದ ಆಟಗಳು, ತಾತ್ಕಾಲಿಕ ಕಡತಗಳು ಇವುಗಳನ್ನು ಆಗಾಗ ತೆಗೆಯಬೇಕು. ಹಾರ್ಡ್ ಡಿಸ್ಕಿನಲ್ಲಿ ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಎಂಬ ಕ್ರಿಯೆಯಿಂದ ಪ್ರಯೋಜನವುಂಟು. ಎಸ್‌ಎಸ್‌ಡಿಗೆ ಮಾತ್ರ ಇದರ ಅಗತ್ಯವಿಲ್ಲ. ಮಾಡಿದರೆ ಅದರ ಆಯುಷ್ಯ ವ್ಯರ್ಥವಾಗಿ ಸವೆಯುತ್ತದೆ. ಒಬ್ಬನಿಗೆ ಮದ್ದಾದುದು ಇನ್ನೊಬ್ಬನಿಗೆ ಅಪಥ್ಯವಾಗಬಹುದೆಂಬುದಕ್ಕೆ ಇದೊಂದು ಉದಾಹರಣೆ.

ಇನ್ನು ಬಿಸಿಯ ವಿಚಾರ. ಕೆಲಸಮಾಡುವ ಪ್ರೊಸೆಸರು ಶಾಖವನ್ನು ಹೊರಚೆಲ್ಲುತ್ತದೆ. ಆ ಶಾಖವನ್ನು ಚಿಕ್ಕದೊಂದು ಫ್ಯಾನು ಪಕ್ಕದ ಕಿಂಡಿಗಳ ಮೂಲಕ ಹೊರದೂಡುತ್ತದೆ. ಕಿಂಡಿಗಳಲ್ಲಿ ಧೂಳು ಕಟ್ಟಿದರೆ, ಅಥವಾ ಯಂತ್ರವನ್ನು ಹಾಸಿಗೆ ದಿಂಬುಗಳ ಮೇಲಿಟ್ಟು ಕಿಂಡಿಗಳನ್ನು ಮುಚ್ಚಿದರೆ ಶಾಖವು ಒಳಗೇ ಉಳಿಯುತ್ತದೆ. ಪ್ರೊಸೆಸರಿನ ಉಷ್ಣತೆಯು 100 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿದಾಗ ಅದು ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಭಾರ ಹೊತ್ತವನು ಹೆಜ್ಜೆಯನ್ನು ಸಣ್ಣದು ಮಾಡುವಂತೆ ಇದು ಆತ್ಮರಕ್ಷಣೆಯ ಉಪಾಯ. ಆರಂಭದಲ್ಲಿ ಚುರುಕಾಗಿದ್ದು, ಅರ್ಧ ಗಂಟೆಯ ಬಳಿಕ ಫ್ಯಾನಿನ ಸದ್ದಿನೊಡನೆ ನಿಧಾನವಾಗುವ ಯಂತ್ರದ ರೋಗ ಬಹುಶಃ ಇದೇ. ಅನೇಕ ತಯಾರಕರು ತಮ್ಮ ಲ್ಯಾಪ್‌ಟಾಪುಗಳಿಗೆ 35 ಡಿಗ್ರಿಯವರೆಗಿನ ವಾತಾವರಣವನ್ನು ಯೋಗ್ಯವೆಂದು ಹೇಳುತ್ತಾರೆ. ಕಲಬುರಗಿ, ರಾಯಚೂರುಗಳಂತಹ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿಯನ್ನು ದಾಟುವುದುಂಟು. ಅಂತಹ ಕಡೆ ಭಾರವಾದ ಕೆಲಸವನ್ನು ಬೆಳಗಿನ ಅಥವಾ ಸಂಜೆಯ ಹೊತ್ತಿಗೆ ಇಟ್ಟುಕೊಳ್ಳುವುದು, ಯಂತ್ರವನ್ನು ಗಟ್ಟಿಯಾದ ಸಮತಲದ ಮೇಲಿಡುವುದು, ಬಿಸಿಲು ಬೀಳುವ ಕಿಟಕಿಯಿಂದ ದೂರವಿಡುವುದು ಅವಶ್ಯಕ. ಕಿಂಡಿಗಳ ಹೊರಗಿನ ಧೂಳನ್ನು, ಯಂತ್ರವನ್ನು ಆರಿಸಿ ತಂತಿಯನ್ನು ಕಿತ್ತ ಮೇಲೆ, ಮೃದುವಾದ ಒಣ ಕುಂಚದಿಂದ ತೆಗೆಯಬಹುದು. ಒಳಗಿನ ಧೂಳನ್ನು ವರ್ಷಕ್ಕೊಮ್ಮೆ ನುರಿತವರಿಂದಲೇ ತೆಗೆಸಬೇಕು.

ಕಾರಣವನ್ನು ಹುಡುಕದೆ ಅವಸರಪಡುವವರಿಗಾಗಿ ಮೋಸದ ಮದ್ದುಗಳೂ ಕಾದುಕೊಂಡಿರುತ್ತವೆ. ‘ನಿಮ್ಮ ಗಣಕದಲ್ಲಿ ನೂರಾರು ದೋಷಗಳಿವೆ, ಒಂದೇ ಗುಂಡಿಯಿಂದ ಹತ್ತು ಪಟ್ಟು ವೇಗ’ ಎಂದು ಆಶೆ ಹುಟ್ಟಿಸುವ ಜಾಹೀರಾತುಗಳನ್ನು ನಂಬಿ ತಂತ್ರಾಂಶಗಳನ್ನು ಇಳಿಸಿಕೊಂಡರೆ, ಹೊರೆ ಇಳಿಯುವುದರ ಬದಲು ಇನ್ನೊಂದು ಹೊರೆ ಸೇರುತ್ತದೆ. ಕೆಲವೊಮ್ಮೆ ಪರದೆಯ ತುಂಬ ಕೆಂಪು ಎಚ್ಚರಿಕೆ ಮೂಡಿ, ಒಂದು ದೂರವಾಣಿ ಸಂಖ್ಯೆಗೆ ಕರೆಮಾಡಬೇಕೆಂದು ಬೆದರಿಸುವುದುಂಟು. ಕರೆಮಾಡಿದವರ ಯಂತ್ರದೊಳಕ್ಕೆ ದೂರದಿಂದಲೇ ಪ್ರವೇಶ ಪಡೆದು ಬ್ಯಾಂಕಿನ ಹಣವನ್ನು ಅಪಹರಿಸುವ ವಂಚಕರ ತಂತ್ರವಿದು. ಅಂತಹ ಸಂಖ್ಯೆಗೆ ಕರೆಮಾಡಬಾರದು. ಒಟಿಪಿಯನ್ನು ಯಾರಿಗೂ ಹೇಳಬಾರದು. ಮೋಸಹೋಗಿದ್ದರೆ ಹಿರಿಯರಿಗೆ ಹೇಳಲು ಸಂಕೋಚಪಡದೆ, ಕೂಡಲೇ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು. ಕಾರಣವಿಲ್ಲದೆ ಯಂತ್ರ ಸದಾ ದುಡಿಯುತ್ತಿದ್ದರೆ, ಕೋರದ ಜಾಹೀರಾತುಗಳು ಮೂಡುತ್ತಿದ್ದರೆ ದುಷ್ಟ ತಂತ್ರಾಂಶ ಹೊಕ್ಕಿರುವ ಸಂಭವವುಂಟು. ವಿಂಡೋಸಿನೊಡನೆಯೇ ಬರುವ ರಕ್ಷಣಾ ತಂತ್ರಾಂಶದಿಂದ ಪೂರ್ಣ ತಪಾಸಣೆ ಮಾಡಿಸಬೇಕು. ಬೆಲೆಕೊಡದೆ ಕದ್ದು ಪಡೆದ ತಂತ್ರಾಂಶಗಳೊಡನೆ ಇಂತಹ ಪೀಡೆಗಳು ಬರುವುದು ಸಾಮಾನ್ಯವಾದುದರಿಂದ ಅವುಗಳಿಂದ ದೂರವಿರುವುದು ನೀತಿಯೂ ಹೌದು, ಜಾಣತನವೂ ಹೌದು.

ನಿಧಾನಗತಿಯು ಕೆಲವೊಮ್ಮೆ ಬರಲಿರುವ ದೊಡ್ಡ ಆಪತ್ತಿನ ಮುನ್ಸೂಚನೆಯಾಗಿರುತ್ತದೆ. ಹಾರ್ಡ್ ಡಿಸ್ಕಿನ ಓದುವ ತುದಿಯು ತಿರುಗುವ ಬಿಲ್ಲೆಯಿಂದ ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ಮನುಷ್ಯನ ಒಂದು ಕೂದಲಿನ ದಪ್ಪ ಇದರ ಸಾವಿರಾರು ಪಟ್ಟು. ನಡೆಯುತ್ತಿರುವ ಯಂತ್ರವನ್ನು ಕುಕ್ಕಿದರೆ ತುದಿಯು ಬಿಲ್ಲೆಗೆ ತಗುಲಿ ಮಾಹಿತಿಯೇ ನಾಶವಾಗಬಹುದು. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರತೊಡಗಿದರೆ, ಕಡತಗಳು ತೆರೆಯದೆ ಹೋದರೆ, ಇದ್ದಕ್ಕಿದ್ದಂತೆ ಯಂತ್ರ ತೀರ ನಿಧಾನವಾದರೆ, ಬೇರೆಲ್ಲ ಚಿಕಿತ್ಸೆಗಳನ್ನೂ ಬದಿಗಿಟ್ಟು ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೊಂದೆಡೆ ತೆಗೆದಿಡಬೇಕು. ಯಂತ್ರ ಹೋದರೆ ಇನ್ನೊಂದು ತರಬಹುದು. ವರ್ಷವಿಡೀ ಬರೆದ ಟಿಪ್ಪಣಿಗಳು, ಈಗಿಲ್ಲದ ಅಜ್ಜಿಯ ಭಾವಚಿತ್ರ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಮುಖ್ಯ ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದಾದರೂ ಮನೆಯ ಹೊರಗೆ ಎಂಬ ನಿಯಮವನ್ನು ತಿಳಿದವರು ಪಾಲಿಸುತ್ತಾರೆ. ಯಂತ್ರ ಆರೋಗ್ಯವಾಗಿರುವಾಗಲೇ ಇದನ್ನು ಮಾಡುವುದು ಬುದ್ಧಿವಂತಿಕೆ.

ಬ್ಯಾಟರಿಯ ಆರೈಕೆಯನ್ನೂ ಮರೆಯಬಾರದು. ಲ್ಯಾಪ್‌ಟಾಪುಗಳಲ್ಲಿರುವುದು 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿ. ಇದರ ವಿಕಾಸಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಶಾಖವು ಇದರ ಶತ್ರು. ಸದಾ ಪೂರ್ತಿ ತುಂಬಿರುವುದೂ ಪದೇ ಪದೇ ಪೂರ್ತಿ ಬರಿದಾಗುವುದೂ ಇದಕ್ಕೆ ಹಿತವಲ್ಲ. ಶೇಕಡಾ 20 ಮತ್ತು 80ರ ನಡುವೆ ಇದ್ದರೆ ಹೆಚ್ಚು ಕಾಲ ಬಾಳುತ್ತದೆ. ಬ್ಯಾಟರಿ ಉಬ್ಬಿ ಕೀಲಿಮಣೆಯೋ ಸ್ಪರ್ಶಫಲಕವೋ ಮೇಲೆದ್ದಂತೆ ಕಂಡರೆ ಬೆಂಕಿಯ ಅಪಾಯವಿರುವುದರಿಂದ ಬಳಕೆಯನ್ನು ತಕ್ಷಣ ನಿಲ್ಲಿಸಿ ದುರಸ್ತಿಯವರಿಗೆ ಒಪ್ಪಿಸಬೇಕು. ತಕ್ಕ ಶಕ್ತಿಯಿಲ್ಲದ ಅಗ್ಗದ ಚಾರ್ಜರನ್ನು ಬಳಸಿದರೂ ಕೆಲವು ಯಂತ್ರಗಳು ವೇಗವನ್ನು ತಗ್ಗಿಸಿಕೊಳ್ಳುತ್ತವೆ.

ಎಲ್ಲ ಪ್ರಯತ್ನಗಳ ಬಳಿಕವೂ ಉಳಿಯುವ ತೊಡಕುಗಳುಂಟು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಪ್ರೊಸೆಸರುಗಳುಳ್ಳ ಅನೇಕ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಸ್ವೀಕರಿಸುವುದಿಲ್ಲ. ಅಂತಹವುಗಳಿಗೆ ಲಿನಕ್ಸ್ ಆಧಾರಿತ ಹಗುರವಾದ ವ್ಯವಸ್ಥೆಗಳು ಆಸರೆಯಾಗಬಲ್ಲವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರಿಂದ ಮೊದಲುಗೊಂಡ ಲಿನಕ್ಸನ್ನು ಉಚಿತವಾಗಿ ಪಡೆಯಬಹುದು. ಅದರಲ್ಲಿ ಕನ್ನಡವನ್ನು ಬರೆಯುವ ಸೌಕರ್ಯವೂ ಇದೆ. ಕೊನೆಗೊಂದು ದಿನ ಯಂತ್ರವು ನಿಜವಾಗಿಯೂ ಕೆಲಸಕ್ಕೆ ಬಾರದಂತಾದಾಗ ಅದನ್ನು ತಿಪ್ಪೆಗೆ ಎಸೆಯುವಂತಿಲ್ಲ. ಅದರಲ್ಲಿರುವ ತಾಮ್ರ, ಚಿನ್ನ, ಕೋಬಾಲ್ಟುಗಳು ಮರಳಿ ಬಳಕೆಗೆ ಬರಬಲ್ಲ ಲೋಹಗಳು; ಸೀಸದಂತಹವು ಮಣ್ಣು ನೀರುಗಳನ್ನು ಕೆಡಿಸಬಲ್ಲವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತದ ಇ–ತ್ಯಾಜ್ಯ ನಿಯಮಗಳು ಅದನ್ನು ನೋಂದಾಯಿತ ಮರುಬಳಕೆದಾರರಿಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಡುವ ಮೊದಲು ತಮ್ಮ ಮಾಹಿತಿಯನ್ನು ಸಂಪೂರ್ಣವಾಗಿ ಅಳಿಸುವುದು ಬಳಸಿದವರ ಹೊಣೆ.

ಆದರೆ ಆ ದಿನವು ಜನರು ಎಣಿಸುವುದಕ್ಕಿಂತ ಬಹುದೂರದಲ್ಲಿರುತ್ತದೆ. ಹಲವು ಲೋಹಗಳನ್ನು ಭೂಮಿಯಿಂದ ಅಗೆದು, ಹಲವು ದೇಶಗಳ ಕೆಲಸಗಾರರು ದುಡಿದು ರೂಪಿಸಿದ ವಸ್ತುವೊಂದನ್ನು ಇನ್ನೂ ನಾಲ್ಕು ವರ್ಷ ಬಾಳಿಸುವುದು ಆ ದುಡಿಮೆಗೆ ಸಲ್ಲಿಸುವ ಗೌರವ. ಮನೆಯಲ್ಲಿ ತಂಗಿಗೋ ತಮ್ಮನಿಗೋ ಅದು ಮುಂದಿನ ಓದಿಗೆ ಒದಗುತ್ತದೆ. ಅದಕ್ಕೆ ಬೇಕಾದುದು ದೊಡ್ಡ ವಿದ್ಯೆಯಲ್ಲ. ತೊಡಕು ಕಂಡಾಗ ದೂರುವ ಮೊದಲು ಗಮನಿಸುವುದು, ಮದ್ದು ಹುಡುಕುವ ಮೊದಲು ಕಾರಣವನ್ನು ಹುಡುಕುವುದು, ಖರ್ಚಿಲ್ಲದ ಉಪಾಯವನ್ನು ಮೊದಲು ಮಾಡಿ ಖರ್ಚಿನದನ್ನು ಆಮೇಲೆ ಯೋಚಿಸುವುದು, ಇಷ್ಟೇ. ಲ್ಯಾಪ್‌ಟಾಪಿನ ಮುಂದೆ ಕಲಿತ ಈ ಕ್ರಮವು ನೀರೆತ್ತುವ ಪಂಪಿಗೂ ಮನೆಯ ಸೈಕಲ್ಲಿಗೂ ಅಷ್ಟೇ ಚೆನ್ನಾಗಿ ಸಲ್ಲುತ್ತದೆ.